ಕಂಬ ಬಿದ್ದುದಕ್ಕೆ ಸೂರ್ಯ ಹೊಣೆಯೇ?

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಕರೆಂಟು ಕೈಕೊಡುವುದಕ್ಕೆ ಸರ್ಕಾರ ವಿದ್ಯುತ್ ವಿತರಣಾ ಕಂಪನಿಯಾದ ಮೆಸ್ಕಾಂ ಮೇಲೆ ಹೇರಿರುವ ಹಸಿರು ವಿದ್ಯುತ್ತಿನ ಒತ್ತಡವೇ ಕಾರಣವೆಂದು ಪ್ರಕಟವಾಗಿರುವ ಅಭಿಪ್ರಾಯವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಿದೆ. ಆ ಒತ್ತಡದ ಮೂಲವಾದ, 2003ರ ವಿದ್ಯುತ್ ಕಾಯ್ದೆಯ 86ನೆಯ ಪ್ರಕರಣದನ್ವಯ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ವಿಧಿಸುವ ನವೀಕರಿಸಬಹುದಾದ ಇಂಧನ ಖರೀದಿ ಬಾಧ್ಯತೆ, ಎಂದರೆ ವಿತರಣಾ ಕಂಪನಿಯು ತಾನು ಪೂರೈಸುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲನ್ನು ಬಿಸಿಲು, ಗಾಳಿ, ಕಿರುಜಲ ಮೊದಲಾದ ಮೂಲಗಳಿಂದ ಕೊಳ್ಳಲೇಬೇಕೆಂಬ ಕಟ್ಟಳೆಯು, ಖರೀದಿಯ ಲೆಕ್ಕಪುಸ್ತಕಕ್ಕೆ ಸಂಬಂಧಿಸಿದ್ದೇ ಹೊರತು ಊರಿನ ತಂತಿಗಲ್ಲ. ಆಷಾಢದ ಗಾಳಿಗೆ ಕೊಂಬೆಯೊಂದು 11 ಕೆ.ವಿ. ಮಾರ್ಗದ ಮೇಲೆ ಮುರಿದು ಬಿದ್ದಾಗ ಅದರಲ್ಲಿ ಹರಿಯುತ್ತಿದ್ದುದು ಪಾವಗಡದ ಬಿಸಿಲೋ ರಾಯಚೂರಿನ ಕಲ್ಲಿದ್ದಲೋ ಎಂಬುದರಿಂದ ಏನೂ ವ್ಯತ್ಯಾಸವಾಗದು. ಕಾಡು, ಅಡಿಕೆ ತೋಟಗಳ ನಡುವೆ ಮೈಲುಗಟ್ಟಲೆ ಸಾಗಿ ನಾಲ್ಕಾರು ಮನೆ ಮುಟ್ಟುವ ಆ ಮಾರ್ಗವನ್ನು ಸರಿಪಡಿಸಲು ಲೈನ್‌ಮನ್ ಹಗ್ಗ, ಕತ್ತಿ ಹಿಡಿದು ಜಾರುವ ಕಾಲುದಾರಿಯಲ್ಲಿ ನಡೆದೇ ಹೋಗಬೇಕು.

ಮಲೆನಾಡು ಜಲವಿದ್ಯುತ್ತಿನ ತವರಾದ್ದರಿಂದ ಅದಕ್ಕೆ ಈ ಬಾಧ್ಯತೆಯೇ ಬೇಡವೆಂಬ ವಾದವೂ ನಿಲ್ಲುವುದಿಲ್ಲ. 1,035 ಮೆಗಾವ್ಯಾಟ್‌ನ ಶರಾವತಿಯಂಥ ಬೃಹತ್ ಸ್ಥಾವರಗಳನ್ನು ಈ ಲೆಕ್ಕದಿಂದ ಬಹುಕಾಲ ಹೊರಗಿಟ್ಟದ್ದು ಚರ್ಚಾರ್ಹವೇ ಸರಿ, ಆದರೆ ಭದ್ರಾ ಹಿನ್ನೀರಿಗೆ ಜಮೀನು ಕಳೆದುಕೊಂಡ ನರಸಿಂಹರಾಜಪುರಕ್ಕೆ ಅಣೆಕಟ್ಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಒತ್ತಡವನ್ನು ಆಕ್ಷೇಪಿಸಲೇಬೇಕಿದ್ದರೆ, ಖರೀದಿಯ ಶೇಕಡಾವಾರನ್ನು ಅಳೆಯುವ ಈ ಕಟ್ಟಳೆಯು, ತಾಲ್ಲೂಕಿನ ಶಾಲೆ, ಆಸ್ಪತ್ರೆಗಳ ಚಾವಣಿಗೆ ಬ್ಯಾಟರಿ ಸಹಿತ ಸೌರಘಟಕ (ಮಳೆಗಾಲದಲ್ಲಿ ಅದು ಸೊರಗುವುದು ನಿಜ) ಬಂತೇ ಎಂಬುದನ್ನು ಅಳೆಯುವುದಿಲ್ಲವೆಂದು ಆಕ್ಷೇಪಿಸಬೇಕಿತ್ತು.