ಮುಂಗಾರು ಮಳೆಯ ಹಾಡು ನಮಗೇಕೆ ಬೇಕು?



ರಾಜ್ಯೋತ್ಸವದ ಕಾರ್ಯಕ್ರಮ ಗೊತ್ತುಮಾಡಲು ನಮ್ಮ ಸಂಘದವರು ಮೊನ್ನೆ ಕೂಡಿದ್ದಾಗ ಒಂದು ಚರ್ಚೆ ಎದ್ದಿತು. ಹೋಟೆಲಿನ ಹುಡುಗರು ಐದಾರು ಮಂದಿ ‘ಮುಂಗಾರು ಮಳೆ’ ಚಿತ್ರದ ಹಾಡುಗಳನ್ನು ಹಾಡುತ್ತೇವೆಂದು ಹೆಸರು ಕೊಟ್ಟಿದ್ದರು. ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದು ನಿಂತು, “ಕನ್ನಡದ ಹೆಸರಿನಲ್ಲಿ ವರ್ಷಕ್ಕೊಂದು ಸಲ ಸೇರುತ್ತೇವೆ. ಅವತ್ತೂ ಈ ಪ್ರೇಮದ ಗೋಳೇ ಬೇಕೇನ್ರಪ್ಪಾ? ದಾಸರ ಪದ ಇದೆ, ವಚನ ಇದೆ, ನಾಡಗೀತೆ ಇದೆ. ಸಿನೆಮಾ ಹಾಡು ದಿನಾ ಕಿವಿಯಲ್ಲಿ ಇದ್ದೇ ಇರುತ್ತದೆ” ಎಂದರು. ಹುಡುಗರು ತಲೆ ತಗ್ಗಿಸಿದರು. ಮಾತು ಇತ್ಯರ್ಥವಾಗದೆ ಮುಂದಿನ ಸೋಮವಾರಕ್ಕೆ ಹೋಯಿತು. ಅಂದು ನಾವು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು ಎಂದು ಆಮೇಲೆ ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹಿರಿಯರ ಮಾತನ್ನು ನಾವು ಹಗುರಾಗಿ ತಳ್ಳುವುದಿಲ್ಲ. ಸಂಬಳ, ಕೆಲಸದ ಹೊತ್ತು, ಮಲಗುವ ಜಾಗ, ಇವುಗಳಿಗಾಗಿ ಹೆಣಗಬೇಕಾದ ಹುಡುಗರು ಪ್ರೇಮದ ಹಾಡು ಕೇಳುತ್ತ ಕನಸಿನಲ್ಲಿ ಮುಳುಗಿದರೆ ಸಂಘದ ಗತಿ ಏನು ಎಂಬ ಚಿಂತೆ ಅವರದು. ಚಿಂತೆ ನ್ಯಾಯವಾದುದೇ. ಆದರೆ ಆ ಹಾಡುಗಳು ಇಷ್ಟು ವರ್ಷ ನಮ್ಮಲ್ಲಿ ಏಕೆ ಉಳಿದವು ಎಂಬುದನ್ನು ಅವರು ನೋಡಿಲ್ಲ.

‘ಮುಂಗಾರು ಮಳೆ’ ತೆರೆಗೆ ಬಂದುದು 2006ರ ಡಿಸೆಂಬರ್ 29ರಂದು. ನಿರ್ದೇಶಕರು ಯೋಗರಾಜ ಭಟ್ಟರು, ಸಂಗೀತ ಮನೋಮೂರ್ತಿಯವರದು, ನಾಯಕ ಗಣೇಶ್, ನಾಯಕಿ ಪೂಜಾ ಗಾಂಧಿ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿಯೂ ಅದು ವರ್ಷಕ್ಕೆ ಮೀರಿ ಓಡಿತು. ಕೊಡಗಿನ ಮಳೆಯಲ್ಲಿ ನಡೆಯುವ ಕಥೆ. ಹುಡುಗನೊಬ್ಬ, ಮದುವೆ ಗೊತ್ತಾದ ಹುಡುಗಿಯನ್ನು ಪ್ರೀತಿಸುತ್ತಾನೆ. ಕೊನೆಗೆ ಅವಳನ್ನು ಗೊತ್ತಾದ ವರನಿಗೇ ಬಿಟ್ಟುಕೊಟ್ಟು ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಇಷ್ಟೇ ಕಥೆ. ಚಿತ್ರವನ್ನು ಒಮ್ಮೆ ನೋಡಿ ಮರೆತವರುಂಟು. ಹಾಡನ್ನು ಮರೆತವರನ್ನು ನಾವು ಕಂಡಿಲ್ಲ.

ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟವರು. 2007ರ ಮಳೆಗಾಲದಲ್ಲಿ, ಹದಿನಾರರ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಪುಣೆಗೆ ಬಂದೆವು. ಒಂದು ಹೋಟೆಲಿನ ಉಗ್ರಾಣದ ಮೇಲಿನ ಅಟ್ಟದಲ್ಲಿ ಎಂಟು ಜನರ ಬಿಡಾರ. ತಲೆಗೆ ತಾಗುವ ತಗಡು. ಮಳೆ ಬಂದರೆ ಮೂಲೆಯಲ್ಲಿ ಒಂದು ತಪೇಲಿ ಇಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಮುಸುರೆಗೆ ಕುಳಿತರೆ ರಾತ್ರಿ ಹನ್ನೊಂದರ ತನಕ ಕೈ ಒಣಗುತ್ತಿರಲಿಲ್ಲ. ಎಂಟು ಜನರಲ್ಲಿ ಹಾಡು ಬರುವ ಫೋನು ಒಬ್ಬನದು ಮಾತ್ರ. ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ತುಂಬಿಕೊಟ್ಟ ಹಾಡುಗಳು ಅದರಲ್ಲಿದ್ದವು. ಗಲ್ಲೆಯವರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿಟ್ಟು, ಎಂಟು ತಲೆಗಳೂ ಒಂದೆಡೆ ಸೇರಿ ಕೇಳುತ್ತಿದ್ದೆವು.

ಆಗ ನಮ್ಮ ಬಾಯಲ್ಲಿ ದಿನವಿಡೀ ಓಡಾಡುತ್ತಿದ್ದ ಮಾತು ಎಷ್ಟು? ಮರಾಠಿಯದೋ ಹಿಂದಿಯದೋ ಹತ್ತಿಪ್ಪತ್ತು ಶಬ್ದ. ಏನು ಬೇಕು, ಇನ್ನೇನು ಬೇಕು, ಬಿಸಿ ಇದೆ, ಬಿಲ್ಲು ಇಷ್ಟಾಯಿತು. ಕನ್ನಡ ಉಳಿದದ್ದು ಅಡಿಗೆಮನೆಯ ಬೈಗುಳದಲ್ಲಿ. ಮನೆಗೆ ಫೋನು ಮಾಡಿದರೆ “ಅಮ್ಮ, ಆರಾಮ ಇದ್ದೇನೆ” ಎಂಬ ಒಂದೇ ಸುಳ್ಳು. ಹೀಗಿರುವಾಗ ಆ ಹಾಡು, ಮನಸ್ಸಿನೊಳಗೆ ನಡೆಯುವುದನ್ನು ನಮ್ಮದೇ ಮಾತಿನಲ್ಲಿ, ಏಳನೆಯ ತರಗತಿಯವನಿಗೂ ತೊಡಕಿಲ್ಲದ ಶಬ್ದಗಳಲ್ಲಿ ಹೇಳಿತು. ನಮ್ಮಲ್ಲಿ ಯಾರಿಗೂ ಆಗ ಪ್ರೇಯಸಿ ಇರಲಿಲ್ಲ. ಹಾಡು ಕೇಳುವಾಗ ಒಬ್ಬನಿಗೆ ತಂಗಿ ನೆನಪಾಗುತ್ತಿದ್ದಳು, ಒಬ್ಬನಿಗೆ ಅಂಗಳದ ಸೋಗೆಯ ಸೂರಿನಿಂದ ಇಳಿಯುವ ನೀರು. ಪ್ರೇಮದ ಹಾಡೆಂದು ಹಿರಿಯರು ಹೇಳುವುದು ನಿಜ. ಆದರೆ ನಾವು ಅದರಲ್ಲಿ ಕೇಳಿದ್ದು ಊರನ್ನು.

ಇದಕ್ಕೆ ಇನ್ನೊಂದು ಕಾರಣವೂ ಇದ್ದೀತು. ಆ ಚಿತ್ರದ ಅತಿ ಹೆಸರಾದ ಹಾಡನ್ನು ಬರೆದವರು ಜಯಂತ ಕಾಯ್ಕಿಣಿ. ಗೋಕರ್ಣದಲ್ಲಿ ಹುಟ್ಟಿ, ಮುಂಬಯಿಯ ಔಷಧ ಕಂಪನಿಯ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದವರು. ಅವರ ಕಥೆಗಳನ್ನು ಓದಿದವರಿಗೆ ಗೊತ್ತು: ಅಲ್ಲಿರುವವರು ಚಾಳಿನವರು, ಸಿನೆಮಾ ಥಿಯೇಟರಿನಲ್ಲಿ ಕಸ ಗುಡಿಸುವವರು, ಅಂದರೆ ನಾವೇ. ಆ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದಿತು. ರಾಗ ಹಾಕಿದ ಮನೋಮೂರ್ತಿಯವರು ಅಮೆರಿಕದಲ್ಲಿ ನೆಲೆಸಿದವರು. ಹಾಡಿದ ಸೋನು ನಿಗಮ್ ಕನ್ನಡದವರಲ್ಲ. ಮಲೆನಾಡಿನ ಮಳೆಯ ಹಾಡು ಹುಟ್ಟಿದ್ದು ಹೀಗೆ, ಬಹಳ ಮಟ್ಟಿಗೆ ದೂರ ಇದ್ದವರ, ದೂರ ಇದ್ದು ಬಂದವರ ಕೈಯಲ್ಲಿ. ದೂರದಲ್ಲಿರುವ ನಮಗೆ ಅದು ಹಿಡಿಸಿದರೆ ಏನಾಶ್ಚರ್ಯ?

ಇನ್ನು ಸೋತ ಪ್ರೇಮದ ಮಾತು. ನಮ್ಮ ಹಿರಿಯ ಅಡಿಗೆಯವರನ್ನೇ ನೋಡಿರಿ. ದೋಸೆಕಲ್ಲಿನ ಮುಂದೆ ನಿಂತು ಅವರು ಗುನುಗುವುದು 1974ರ ‘ಎರಡು ಕನಸು’ ಚಿತ್ರದ ಹಾಡನ್ನು. ರಾಜನ್-ನಾಗೇಂದ್ರರ ಸಂಗೀತ, ಚಿ. ಉದಯಶಂಕರರ ಸಾಹಿತ್ಯ. ಅಲ್ಲಿಯೂ ನಾಯಕನಿಗೆ ಮೊದಲು ಮೆಚ್ಚಿದವಳು ದಕ್ಕುವುದಿಲ್ಲ. ಎರಡು ತಲೆಮಾರಿನ ದುಡಿಯುವ ಜನ ತಮಗೆಂದು ಆರಿಸಿಕೊಂಡದ್ದು ಗೆದ್ದವನ ಹಾಡನ್ನಲ್ಲ, ಬಿಟ್ಟುಕೊಟ್ಟವನ ಹಾಡನ್ನು. ಶಾಲೆ ಬಿಟ್ಟವರು, ಊರು ಬಿಟ್ಟವರು, ಅಕ್ಕನ ಮದುವೆಗೆಂದು ತಮ್ಮ ಮದುವೆಯನ್ನು ಮುಂದೂಡಿದವರು ನಮ್ಮಲ್ಲಿ ಎಷ್ಟಿಲ್ಲ!

ಆದರೆ ಹಾಡಿನಿಂದ ಸಂಬಳ ಹೆಚ್ಚುವುದೇ ಎಂದು ಕೇಳುವಿರಿ. ಇಲ್ಲ. ಆದರೂ ನಾವು ಕಂಡದ್ದನ್ನು ಹೇಳುತ್ತೇವೆ. ಎರಡು ವರ್ಷದ ಹಿಂದೆ ಒಬ್ಬ ಕ್ಲೀನರ್ ಹುಡುಗ ಸಂಘಕ್ಕೆ ಬಂದ. ಅವನ ಮೂರು ತಿಂಗಳ ಸಂಬಳ ಧಣಿಯಲ್ಲಿ ನಿಂತಿದೆಯೆಂದು ಬೇರೆಯವರಿಂದ ನಮಗೆ ತಿಳಿದಿತ್ತು. ಅವನನ್ನು ಕೇಳಿದರೆ “ಏನಿಲ್ಲಣ್ಣ” ಎಂದು ನೆಲ ನೋಡುತ್ತಿದ್ದ. ಒಂದು ರಾತ್ರಿ ಬಿಡಾರದಲ್ಲಿ ಎಲ್ಲರೂ ಹಾಡುತ್ತಿದ್ದಾಗ ಅವನೂ ದನಿ ಸೇರಿಸಿದ. ಅವನಿಗೆ ಅಂಥ ದನಿಯಿದೆಯೆಂದು ಜೊತೆಗೆ ಮಲಗುವವರಿಗೇ ಗೊತ್ತಿರಲಿಲ್ಲ. ಎಲ್ಲರೂ ಶಹಬ್ಬಾಸ್ ಎಂದರು. ಮಾರನೆಯ ದಿನ ತಾನಾಗಿ ಬಂದು, ಯಾವ ತಿಂಗಳು, ಎಷ್ಟು ರೂಪಾಯಿ, ಯಾರ ಮುಂದೆ ಕೇಳಿದೆ, ಏನು ಉತ್ತರ ಬಂತು, ಎಲ್ಲವನ್ನೂ ತಡವರಿಸದೆ ಹೇಳಿದ. ಹಣ ಕೈಗೆ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಅದನ್ನು ತಂದದ್ದು ಹಾಡಲ್ಲ, ಅರ್ಜಿ ಮತ್ತು ಸಂಘ. ಆದರೆ ಅರ್ಜಿ ಬರೆಯಬೇಕಾದರೆ ಮೊದಲು ಅವನು ಬಾಯಿ ಬಿಡಬೇಕಾಗಿತ್ತಲ್ಲವೇ?

ಹಿರಿಯರು ಭೀಮಸೇನ ಜೋಶಿಯವರ ದಾಸವಾಣಿಯನ್ನು ಮೆಚ್ಚುವವರು, ನಾವೂ ಅಷ್ಟೇ. ಆದರೆ ಗದಗಿನ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಮನೆ ಬಿಟ್ಟು ಓಡಿದ್ದು ಏತಕ್ಕೆ? ಸಂಗೀತದ ಗುರುವನ್ನು ಹುಡುಕಿ. ಅವರ ಮನಸ್ಸನ್ನು ಮೊದಲು ಹಿಡಿದದ್ದು ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮಫೋನ್ ತಟ್ಟೆ. ಅದು ಭಜನೆಯಲ್ಲ, ವಿರಹದ ಹಾಡು. ಮುಂದೆ ಈ ಪುಣೆಯೇ ಅವರ ಮನೆಯಾಯಿತು. 1953ರಿಂದ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು ಇಲ್ಲಿ ನಡೆಸಿದರು. 2008ರಲ್ಲಿ ಭಾರತರತ್ನಕ್ಕೆ ಪಾತ್ರರಾದರು. 1966ರಲ್ಲಿ ‘ಸಂಧ್ಯಾರಾಗ’ ಎಂಬ ಕನ್ನಡ ಸಿನೆಮಾಕ್ಕೂ ಹಾಡಿದರು. ಅವರು ಸಿನೆಮಾವನ್ನು ಹೊರಗಿಡಲಿಲ್ಲ. ನಾವೇಕೆ ಇಡಬೇಕು?

ಹುಡುಗರಿಗೂ ಎರಡು ಮಾತು ಹೇಳಬೇಕು. ಸಿನೆಮಾದ ನಾಯಕ ಮಾಡಿದ್ದೆಲ್ಲ ಅನುಕರಣೆಗೆ ಯೋಗ್ಯವಲ್ಲ. ಬೇಡವೆಂದವಳ ಬೆನ್ನು ಬೀಳುವುದು ಪ್ರೀತಿಯಲ್ಲ. ಬಿಟ್ಟು ಹಿಂದೆ ಸರಿದನಲ್ಲ, ಅದನ್ನು ಕಲಿಯಿರಿ. ಇನ್ನೊಂದು: ಅಂದು ಒಂದು ಫೋನಿಗೆ ಎಂಟು ತಲೆ ಕೂಡುತ್ತಿದ್ದವು. ಇಂದು ಎಂಟು ಜನರಿಗೆ ಎಂಟು ಫೋನು. ಹಾಡು ಅದೇ, ಆದರೆ ಒಬ್ಬನ ಕಿವಿಯದು ಇನ್ನೊಬ್ಬನಿಗೆ ಕೇಳದು. ಪಕ್ಕದ ಹಾಸಿಗೆಯವನಿಗೆ ಜ್ವರವೆಂಬುದೂ ತಿಳಿಯದು. ಹಿರಿಯರ ಚಿಂತೆಗೆ ನಿಜವಾದ ಕಾರಣ ಇಲ್ಲಿದೆ. ಇದಕ್ಕೆ ಮದ್ದು ಹಾಡನ್ನು ಬಿಡಿಸುವುದಲ್ಲ, ಕೂಡಿ ಹಾಡಿಸುವುದು.

ಆದುದರಿಂದ ಸೋಮವಾರದ ಸಭೆಗೆ ನಮ್ಮ ಸೂಚನೆ ಇಷ್ಟು. ಮೊದಲು ನಾಡಗೀತೆ, ಆಮೇಲೆ ಹಿರಿಯರು ಹೇಳಿದ ದಾಸರ ಪದ, ಅಡಿಗೆಯವರಿಂದ ‘ಎರಡು ಕನಸು’, ಹುಡುಗರಿಂದ ‘ಮುಂಗಾರು ಮಳೆ’. ಯಾವುದನ್ನೂ ಯಂತ್ರಕ್ಕೆ ಹಾಕಿ ಕೇಳಿಸಬೇಡಿ. ತಪ್ಪಾದರೂ ನಮ್ಮವರೇ ಹಾಡಲಿ. ತಾಲೀಮಿಗೆ ಹೊತ್ತಿಲ್ಲವೆಂದು ಹುಡುಗರು ಹೇಳುತ್ತಾರೆ. ವಾರಕ್ಕೊಂದು ದಿನದ ರಜೆಯನ್ನು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯದೆ ಹೇಳಿದೆ. ಹಾಡಿನ ನೆಪದಿಂದಲಾದರೂ ಆ ರಜೆಯನ್ನು ಬಾಯಿ ಬಿಟ್ಟು ಕೇಳಿರಿ. ನಿಮ್ಮ ಜೊತೆ ನಾವು ಬರುತ್ತೇವೆ.

ಹಿರಿಯರು ಅಂದು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕೆಂದು ನಮ್ಮ ಬಿನ್ನಹ.