ಮುಂದಿನ ಅಂಗನವಾಡಿ ಮಣ್ಣಿನದಾಗಲಿ

ಬಾಂಗ್ಲಾದೇಶದ ದಿನಾಜ್‌ಪುರ ಜಿಲ್ಲೆಯಲ್ಲಿ ರುದ್ರಾಪುರ ಅನ್ನುವ ಹಳ್ಳಿ. ಅಲ್ಲೊಂದು ಎರಡು ಅಂತಸ್ತಿನ ಶಾಲೆ. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಬಿದಿರು. 2005ರಲ್ಲಿ ಕೆಲಸ ಶುರುವಾದಾಗ ಮಣ್ಣು, ಹುಲ್ಲು, ನೀರನ್ನು ದನಗಳಿಂದ ತುಳಿಸಿ ಹದ ಮಾಡಿದರು. ಗೋಡೆ ಏರಿಸಿದವರು ಊರಿನವರೇ. ನಕ್ಷೆ ಬರೆದವರು ಜರ್ಮನಿಯ ಅನ್ನಾ ಹೆರಿಂಗರ್. ಆಗ ಆಕೆಗೆ ಮೂವತ್ತು ತುಂಬಿರಲಿಲ್ಲ. 2007ರಲ್ಲಿ ಆ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಹಾರೋಹಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆಹುಳು ಮೇಯಿಸುವ ನಾನು ಈ ಹೆಂಗಸಿನ ವಿಚಾರ ಯಾಕೆ ಎತ್ತುತ್ತಿದ್ದೇನೆ ಅಂದರೆ, ಗೋಡೆಯ ಬೆಲೆ ಹುಳು ಸಾಕುವವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಬೇಕು, ಬಲಿತ ಹುಳುವಿಗೆ 24–25 ಸಾಕು. ಮೇಲೆ ಹೋದರೆ ಸೊಪ್ಪು ಬಾಡುತ್ತದೆ, ಹುಳು ರೋಗಕ್ಕೆ ಬೀಳುತ್ತದೆ. ನಮ್ಮ ಅತ್ತೆ ಒಂದೂವರೆ ಅಡಿ ಮಣ್ಣುಗೋಡೆಯ, ನಾಡಹೆಂಚಿನ ಮನೆಯಲ್ಲಿ ಬೇಸಿಗೆ ಬೆಳೆಯನ್ನೂ ತೆಗೆಯುತ್ತಿದ್ದರು. ಈಗ ನಮ್ಮದು ಸಿಮೆಂಟ್ ಬ್ಲಾಕಿನ ಗೋಡೆ, ಶೀಟಿನ ಸೂರು. ಮಾರ್ಚ್ ಬಂತೆಂದರೆ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿ, ಫ್ಯಾನು ಹಾಕಿ, ಕರೆಂಟು ಹೋದರೆ ಹುಳುವಿನ ಜೊತೆ ನಾವೂ ಬೇಯುವುದು.

ಹೆರಿಂಗರ್ ಹುಟ್ಟಿದ್ದು 1977ರಲ್ಲಿ, ಬವೇರಿಯಾದ ರೋಸೆನ್‌ಹೈಮ್‌ನಲ್ಲಿ. ಶಾಲೆ ಮುಗಿಸಿದ ಮೇಲೆ ದೀಪ್‌ಶಿಖಾ ಅನ್ನುವ ಸಂಸ್ಥೆಯ ಜೊತೆ ಸ್ವಯಂಸೇವಕಿಯಾಗಿ ಬಾಂಗ್ಲಾದೇಶದ ಹಳ್ಳಿಗೆ ಬಂದರು. ಆಮೇಲೆ ಆಸ್ಟ್ರಿಯಾದ ಲಿಂಜ್‌ನಲ್ಲಿ ವಾಸ್ತುಶಿಲ್ಪ ಓದಿದರು. ಪದವಿಗೆ ಬರೆದ ಯೋಜನೆಯೇ ಆ ಹಳ್ಳಿಯ ಶಾಲೆ. ಸಾಮಾನ್ಯವಾಗಿ ಇಂಥ ನಕ್ಷೆಗಳು ಕಾಲೇಜಿನ ಬೀರುವಿನಲ್ಲೇ ಉಳಿದುಬಿಡುತ್ತವೆ. ಈಕೆ ದುಡ್ಡು ಹೊಂದಿಸಿ, ಐಕೆ ರೋಸ್‌ವಾಗ್ ಅನ್ನುವ ವಾಸ್ತುಶಿಲ್ಪಿಯನ್ನು ಜೊತೆಗಿಟ್ಟುಕೊಂಡು ಕಟ್ಟಿಯೇ ಬಿಟ್ಟರು.

ಅಲ್ಲೂ ಮಣ್ಣಿನ ಮನೆಯೆಂದರೆ ಬಡವರ ಮನೆ ಅನ್ನುವ ತಾತ್ಸಾರವೇ. ಆಕೆ ಊರಿನವರ ಕೈಗೆ ಗೊತ್ತಿದ್ದ ಕೆಲಸವನ್ನೇ ಇಟ್ಟುಕೊಂಡು, ಅದು ಸೋಲುತ್ತಿದ್ದ ಜಾಗಗಳನ್ನು ತಿದ್ದಿದರು. ತಳಕ್ಕೆ ಇಟ್ಟಿಗೆಯ ಪಾಯ, ನೆಲದ ಶೀತ ಗೋಡೆಗೆ ಏರದಂತೆ ನಡುವೆ ಪ್ಲಾಸ್ಟಿಕ್ ಪದರ, ಮಣ್ಣಿಗೆ ಹೆಚ್ಚು ಹುಲ್ಲು, ಮಳೆ ಗೋಡೆಗೆ ಹೊಡೆಯದಂತೆ ಮುಂದಕ್ಕೆ ಚಾಚಿದ ಸೂರು. ಮಣ್ಣಿನ ಮನೆ ಬೀಳುವುದು ಕಾಲು ನೆಂದಾಗ ಮತ್ತು ತಲೆ ನೆಂದಾಗ. ಇದು ನಮ್ಮ ಹಿರಿಯರಿಗೂ ಗೊತ್ತಿದ್ದದ್ದೇ. ಅದಕ್ಕೇ ಅವರು ಕಲ್ಲಿನ ಪಾಯದ ಮೇಲೆ ಮಣ್ಣು ಏರಿಸುತ್ತಿದ್ದರು. ಕಲ್ಲಿಗೇನು ನಮ್ಮಲ್ಲಿ ಬರವೇ? ರಾಮನಗರ, ಕನಕಪುರ, ಮಾಗಡಿ ಎಲ್ಲಿ ಅಗೆದರೂ ಬಂಡೆ.

ಆಮೇಲೆ ಅದೇ ರುದ್ರಾಪುರದಲ್ಲಿ ಆನಂದಾಲಯ ಅಂತ ಅಂಗವಿಕಲರಿಗಾಗಿ ಇನ್ನೊಂದು ಕಟ್ಟಡ ಎದ್ದಿತು. ಗಾಲಿಕುರ್ಚಿಯಲ್ಲೇ ಮಹಡಿಗೆ ಹೋಗುವಂತೆ ಸುತ್ತ ಬಳಸಿಕೊಂಡು ಏರುವ ಇಳಿಜಾರು ದಾರಿ, ಮಹಡಿಯಲ್ಲಿ ಊರಿನ ಹೆಂಗಸರು ಬಟ್ಟೆ ಹೊಲಿಯುವ ಜಾಗ. ಅದಕ್ಕೆ 2020ರಲ್ಲಿ ಓಬೆಲ್ ಪ್ರಶಸ್ತಿ. ಜರ್ಮನಿಯ ವೋರ್ಮ್ಸ್ ಪಟ್ಟಣದ ಹಳೇ ಕೆಥೀಡ್ರಲ್‌ಗೂ ಆಕೆ ಮಣ್ಣಿನ ಕಟ್ಟಡಗಳ ಕುಶಲಿ ಮಾರ್ಟಿನ್ ರೌಖ್ ಜೊತೆ ಸೇರಿ ಮಣ್ಣು ಬಡಿದು ಗಟ್ಟಿ ಮಾಡಿದ ಪೀಠ ಮಾಡಿಕೊಟ್ಟಿದ್ದಾರೆ. ಬಡ ದೇಶಕ್ಕೆ ಮಣ್ಣು, ಸಾಹುಕಾರ ದೇಶಕ್ಕೆ ಕಾಂಕ್ರೀಟು ಅಂತ ಭೇದ ಮಾಡಲಿಲ್ಲ ಅನ್ನುವುದು ನನಗೆ ಹಿಡಿಸಿದ ಸಂಗತಿ.

ಅದಕ್ಕಿಂತ ದೊಡ್ಡದು ಕೂಲಿಯ ಲೆಕ್ಕ. ಶಾಲೆಗೆ ಖರ್ಚಾದ ಹಣದ ಹೆಚ್ಚಿನ ಪಾಲು ಸ್ಥಳೀಯ ಕೆಲಸಗಾರರ ಕೈ ಸೇರಿತು. ನಮ್ಮಲ್ಲಿ ಮನೆ ಮಂಜೂರಾದರೆ ದುಡ್ಡು ಮೊದಲು ಹೋಗುವುದು ಸಿಮೆಂಟಿಗೆ, ಕಂಬಿಗೆ. ಊರಿನ ಗಾರೆಯವನಿಗೆ ಸಿಗುವುದು ಮಿಕ್ಕಿದ್ದು. ಜನಗಣತಿಯವರು ಮನೆ ಬರೆದುಕೊಳ್ಳುವಾಗ ಮಣ್ಣಿನ ಗೋಡೆಯನ್ನು ತಾತ್ಕಾಲಿಕ ಸಾಮಗ್ರಿಯ ಕಡೆ ಹಾಕುತ್ತಾರೆ. ತಲೆಮಾರುಗಳು ಬಾಳಿದ ಗೋಡೆಗೆ ಈ ಹಣೆಪಟ್ಟಿ!

ಇದಕ್ಕೆ ಬಾಂಗ್ಲಾದೇಶಕ್ಕೇ ಹೋಗಿ ಕಲಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಅನ್ನುವ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ಪಳಗಿಸಿದರು. ಸುಡುವ ಸೌದೆ ಉಳಿಯಿತು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಬೆಂಗಳೂರಿನಲ್ಲೇ, ನಿವೇಶನದಲ್ಲಿ ಅಗೆದ ಮಣ್ಣಿನಿಂದಲೇ ಇಟ್ಟಿಗೆ ಮಾಡಿಸಿ ಮನೆ ಕಟ್ಟುತ್ತಾ ಬಂದಿದ್ದಾರೆ. ಆದರೆ ಕನಕಪುರ ರಸ್ತೆಯಲ್ಲಿ ನಾನು ಕಂಡ ಹೊಸ ಮಣ್ಣಿನ ಮನೆಗಳೆಲ್ಲ ಶನಿವಾರ ಬಂದು ಭಾನುವಾರ ಹೋಗುವವರ ತೋಟದ ಮನೆಗಳು. ಅಲ್ಲಿ ಕೂಲಿಗೆ ಹೋಗಿ ಸಂಜೆ ತಿರುಗಿ ಬರುವವರದು ಶೀಟಿನ ಸೂರು.

ಮಣ್ಣಿನ ಮನೆ ಹೊಗಳುವವರಿಗೆ ಒಂದು ಮಾತು: ಗೆದ್ದಲು ಇದೆ, ಇಲಿ ಇದೆ, ಹಬ್ಬ ಬಂದರೆ ಸಾರಣೆ ಇದೆ. ಆ ಸಾರಣೆ ಮಾಡುತ್ತಿದ್ದವರು ಹೆಂಗಸರು, ಪುಕ್ಕಟೆಯಾಗಿ. ನಮ್ಮ ಸೊಸೆಯಂದಿರು ಅದು ಬೇಡ ಅಂದರೆ ಅವರದು ತಪ್ಪಲ್ಲ. ಹಳೇ ಮನೆಗೆ ವಾಪಸು ಹೋಗಿ ಅಂತ ನಾನು ಹೇಳುವುದಿಲ್ಲ. ಹೆರಿಂಗರ್ ಮಾಡಿದ ಹಾಗೆ ದೋಷ ತಿದ್ದಿ, ಕೂಲಿ ಕೊಟ್ಟು, ಎಂಜಿನಿಯರ್ ಮುಂದೆ ನಿಂತು ಕಟ್ಟಿಸಬೇಕು.

ಹಾರೋಹಳ್ಳಿ ಈಗ ತಾಲ್ಲೂಕು ಕೇಂದ್ರ. ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ, ಪಾಯ ತೋಡಿದ ಮಣ್ಣು ಲಾರಿಗಟ್ಟಲೆ ಎಲ್ಲೆಲ್ಲೋ ಹೋಗುತ್ತಿದೆ. ತಾಲ್ಲೂಕಿನ ಮುಂದಿನ ಒಂದು ಅಂಗನವಾಡಿಯನ್ನಾದರೂ ಕಲ್ಲಿನ ಪಾಯ, ಮಣ್ಣಿನ ಇಟ್ಟಿಗೆ, ಹೆಂಚಿನ ಸೂರಿನಲ್ಲಿ ಕಟ್ಟಿಸಿ. ಊರಿನ ಗಾರೆಯವರಿಗೂ ಹೆಂಗಸರಿಗೂ ಅಲ್ಲೇ ತರಬೇತಿ ಕೊಡಿ, ಕೂಲಿ ಕೊಡಿ. ಏಪ್ರಿಲ್ ಮಧ್ಯಾಹ್ನ ಒಳಗೊಂದು, ಪಕ್ಕದ ಆರ್‌ಸಿಸಿ ಕಟ್ಟಡದೊಳಗೊಂದು ಥರ್ಮಾಮೀಟರ್ ತೂಗುಹಾಕಿ. ಥರ್ಮಾಮೀಟರ್ ಇಲ್ಲದಿದ್ದರೆ ಹೇಳಿ, ನಮ್ಮ ಹುಳುಮನೆಯದನ್ನು ಕೊಡುತ್ತೇನೆ.