ಬೀಗವಿದ್ದೂ ತೆರೆದ ಬಾಗಿಲು

ಆಫೀಸುಗಳಲ್ಲಿ ಲೆಡ್ಜರಿನ ಸ್ಥಾನವನ್ನು ಕಂಪ್ಯೂಟರು ಆಕ್ರಮಿಸಿ ಬಹುಕಾಲವಾಯಿತು. ಸಂಬಳದ ಪಟ್ಟಿ, ರಜೆಯ ಅರ್ಜಿ, ಗಿರಾಕಿಗಳ ವಿಳಾಸ ಎಲ್ಲವೂ ಇಂದು ವೆಬ್ ಅಪ್ಲಿಕೇಶನ್ನುಗಳೊಳಗೆ ಸೇರಿವೆ. ಅವುಗಳಲ್ಲಿ ಯಾರು ಏನನ್ನು ನೋಡಬಹುದೆಂಬುದನ್ನು ನಿರ್ಣಯಿಸುವವನು ಅಡ್ಮಿನ್ ಎಂಬ ಅಧಿಕಾರಿ. ಪರದೆಯ ಮೇಲಿನ ಚಿಕ್ಕ ಚೌಕವೊಂದರಲ್ಲಿ ಅವನು ಗುರುತು ಹಾಕಿದರೆ ನಿರ್ಬಂಧ ಬಿಗಿಯಾಗುವುದು, ತೆಗೆದರೆ ಸಡಿಲಾಗುವುದು. ಆ ಚೌಕದಿಂದ ಎಷ್ಟು ದೊಡ್ಡ ಅನಾಹುತವಾಗಬಲ್ಲದೆಂಬುದಕ್ಕೆ 2021ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದ ಪ್ರಕರಣವನ್ನು ವಾಚಕರ ಮುಂದಿಡುತ್ತೇವೆ.

ಮೈಕ್ರೋಸಾಫ್ಟ್ ಕಂಪೆನಿಯ ‘ಪವರ್ ಆ್ಯಪ್ಸ್’ ಎಂಬ ಸಾಧನದಿಂದ, ಪ್ರೋಗ್ರಾಂ ಬರೆಯಲು ಹೆಚ್ಚು ಬಾರದವರೂ ಸಂಸ್ಥೆಗೆ ಬೇಕಾದ ಪೋರ್ಟಲನ್ನು ಆಗ ಕಟ್ಟಿಕೊಳ್ಳಬಹುದಾಗಿತ್ತು. ಕೋವಿಡ್ ಕಾಲದಲ್ಲಿ ಕೆಲವು ಸರಕಾರಿ ಇಲಾಖೆಗಳೂ ಇದನ್ನು ಬಳಸಿದುವು. ಮಾಹಿತಿಯನ್ನು ಕಾಯಲು ಅದರಲ್ಲಿ ‘ಟೇಬಲ್ ಪರ್ಮಿಶನ್’ ಎಂಬ ಸೆಟ್ಟಿಂಗು ಇತ್ತು. ಆದರೆ ಆಗ ಅದು ತಾನಾಗಿ ಜಾರಿಗೆ ಬರುತ್ತಿರಲಿಲ್ಲ. ಅಡ್ಮಿನ್ ನೆನಪಿಟ್ಟು ಚಾಲೂ ಮಾಡಬೇಕಿತ್ತು. ಹಾಗೆ ಮಾಡದೆ ಪಟ್ಟಿಯನ್ನು ಹೊರಕ್ಕೆ ಒದಗಿಸುವ ಸೌಲಭ್ಯವನ್ನು ತೆರೆದರೆ, ಪಾಸ್‌ವರ್ಡ್ ಇಲ್ಲದ ದಾರಿಹೋಕನಿಗೂ ಅದೆಲ್ಲ ದಕ್ಕುತ್ತಿತ್ತು.

ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆಯು ಆ ವರ್ಷದ ಮೇ ತಿಂಗಳಲ್ಲಿ ಇದನ್ನು ಗಮನಿಸಿತು. 47 ಸಂಸ್ಥೆಗಳ 3 ಕೋಟಿ 80 ಲಕ್ಷ ದಾಖಲೆಗಳು ಹೀಗೆ ಬಯಲಾಗಿದ್ದುವೆಂದು ಆಗಸ್ಟಿನಲ್ಲಿ ಪ್ರಕಟಿಸಿತು. ಅಮೆರಿಕನ್ ಏರ್‌ಲೈನ್ಸ್, ಫೋರ್ಡ್, ಮೇರಿಲ್ಯಾಂಡ್ ರಾಜ್ಯ ಮುಂತಾದುವು ಆ ಪಟ್ಟಿಯಲ್ಲಿದ್ದುವು. ಇಂಡಿಯಾನಾ ರಾಜ್ಯವೊಂದರಲ್ಲೇ ಕೋವಿಡ್ ಸಂಪರ್ಕ ಪತ್ತೆಗಾಗಿ ಹೆಸರು ಕೊಟ್ಟ ಸುಮಾರು ಏಳೂವರೆ ಲಕ್ಷ ಜನರ ವಿವರಗಳಿದ್ದುವು. ವಿನೋದವೆಂದರೆ, ಮೈಕ್ರೋಸಾಫ್ಟಿನ ಸ್ವಂತ ಸಂಬಳ ವಿಭಾಗಕ್ಕೆ ಸಂಬಂಧಿಸಿದ 3,32,000 ಇ-ಮೇಲ್ ವಿಳಾಸ ಹಾಗೂ ಗುರುತು ಸಂಖ್ಯೆಗಳೂ ಅಲ್ಲಿಯೇ ಬಿದ್ದಿದ್ದುವು!

ಜೂನ್ ತಿಂಗಳಲ್ಲಿ ದೂರು ಹೋದಾಗ, ಇದು ದೋಷವಲ್ಲ, ರಚನೆಯೇ ಹಾಗಿದೆ ಎಂದು ಕಂಪೆನಿಯು ಉತ್ತರಿಸಿತ್ತು. ಕೈಪಿಡಿಯಲ್ಲಿ ಎಚ್ಚರಿಕೆ ಬರೆದಿತ್ತೆಂಬುದೂ ನಿಜವೇ. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಹೋಟೆಲಿನ ಉಗ್ರಾಣವನ್ನು ಹಾರುಹೊಡೆದಿಟ್ಟು, ಬೀಗ ಇಂಥ ಮೂಲೆಯಲ್ಲಿದೆಯೆಂದು ಗೋಡೆಯ ಮೇಲೆ ಚೀಟಿ ಅಂಟಿಸಿದ ಮಾಲಕನನ್ನು ಯಾವ ಭಟ್ಟರು ಜವಾಬ್ದಾರನೆಂದಾರು? ಕಡೆಗೆ ಕಂಪೆನಿಯೇ ಕಾವಲನ್ನು ಮೊದಲಿನಿಂದಲೇ ಜಾರಿಯಲ್ಲಿರುವಂತೆ ಬದಲಿಸಿ, ಪರೀಕ್ಷಿಸುವ ಉಪಕರಣವನ್ನೂ ಒದಗಿಸಿತು.

ಅಷ್ಟರಿಂದ ವಿಷಯ ಮುಗಿಯದು. ಬಿಗಿದ ನಿರ್ಬಂಧವನ್ನು ಸಡಿಲಿಸುವ ಅಧಿಕಾರ ಇಂದಿಗೂ ಅಡ್ಮಿನ್‌ಗೆ ಇದ್ದೇ ಇದೆ, ಇರಲೂ ಬೇಕು. ಸಂಜೆಯೊಳಗೆ ರಿಪೋರ್ಟು ಹೋಗಬೇಕು, ಸಾಹೇಬರು ಸಿಡುಕುತ್ತಿದ್ದಾರೆ, ‘ಸದ್ಯಕ್ಕೆ ಎಲ್ಲರಿಗೂ ಬಿಟ್ಟುಬಿಡು’ ಎಂಬ ಬಾಯಿಮಾತಿನ ಅಪ್ಪಣೆಯಾಗುತ್ತದೆ. ಆ ‘ಸದ್ಯಕ್ಕೆ’ ಎಂಬುದು ವರ್ಷಗಟ್ಟಲೆ ಉಳಿಯುವುದು. ಅಪ್ಪಣೆ ಕೊಟ್ಟವರು ಅಷ್ಟರಲ್ಲಿ ಬೇರೆ ಶಾಖೆಗೆ ವರ್ಗವಾಗಿರುತ್ತಾರೆ.

ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ತಕ್ಕ ಭದ್ರತೆ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ಹೇಳಿದೆ. ದಂಡ ಸಂಸ್ಥೆಯ ಮೇಲೆ. ಆದರೆ ಸಂಸ್ಥೆಯೊಳಗೆ ಮೊದಲು ಯಾರ ನೌಕರಿಗೆ ಸಂಚಕಾರ ಬರುವುದೆಂಬುದನ್ನು ಗುಮಾಸ್ತ ಬಂಧುಗಳಿಗೆ ನಾವು ತಿಳಿಸಬೇಕಾಗಿಲ್ಲ. ಆದುದರಿಂದ ಇಂತಹ ಅಪ್ಪಣೆ ಬಂದಾಗ ಯಾರು, ಯಾತಕ್ಕೆ, ಯಾವ ತಾರೀಕಿನವರೆಗೆ ಎಂಬುದನ್ನು ಇ-ಮೇಲಿನಲ್ಲಿ ಬರೆಸಿಕೊಂಡು, ಅದರ ಪ್ರತಿಯೊಂದನ್ನು ಫೈಲಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇವೆ.